ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೇ? ಕೇಬಲ್ ಕೀಳುವ ಮುನ್ನ ಓಮ್ ಮೇಷ್ಟ್ರ ಕಥೆ ಓದಿ

ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಕೇಬಲ್ ಕಿತ್ತುಬಿಡಿ, ಇಂಜಿನ್ ನಿಂತರೆ ಆಲ್ಟರ್ನೇಟರ್ ಹೋಗಿದೆ, ನಿಲ್ಲದಿದ್ದರೆ ಬ್ಯಾಟರಿ ಹೋಗಿದೆ. ಈ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ಕಾರು, ಟ್ರ್ಯಾಕ್ಟರ್, ದೋಣಿ, ಯಾವುದು ಕೆಟ್ಟರೂ ಇದನ್ನು ಹೇಳುವವರು ಒಬ್ಬರಾದರೂ ಇರುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಯಾಕೆ ಬೇಡ ಎಂದು ವಿವರಿಸಲು ನಾವು ಇನ್ನೂರು ವರ್ಷ ಹಿಂದಿನ ಒಬ್ಬ ಜರ್ಮನ್ ಶಾಲಾ ಮೇಷ್ಟ್ರ ಬಳಿ ಹೋಗಬೇಕು. ಎಸ್ಸೆಸ್ಸೆಲ್ಸಿಯಲ್ಲಿ ನಾವೆಲ್ಲ ಉರು ಹೊಡೆದ ನಿಯಮ ಇವರದೇ. (ಹೆಸರು ಕೇಳಿ ಓಂಕಾರ ನೆನಪಾದರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಮನೆತನದ ಹೆಸರು.)

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ಅಪ್ಪ ಬೀಗ ಮಾಡುವ ಕುಶಲಕರ್ಮಿ. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ತಾವೇ ಓದಿಕೊಂಡು ಗಣಿತ ಕಲಿತು, ಮಕ್ಕಳಿಗೂ ಕಲಿಸಿದವರು. ಅಮ್ಮ ತೀರಿಕೊಂಡಾಗ ಓಮ್‌ಗೆ ಹತ್ತು ವರ್ಷ. ವಿಶ್ವವಿದ್ಯಾಲಯಕ್ಕೆ ಸೇರಿದ ಹುಡುಗ ಪಾಠಕ್ಕಿಂತ ನೃತ್ಯ, ಬಿಲಿಯರ್ಡ್ಸ್, ಮಂಜಿನ ಮೇಲಿನ ಸ್ಕೇಟಿಂಗ್‌ಗೆ ಹೆಚ್ಚು ಹೊತ್ತು ಕೊಟ್ಟ. ಅಪ್ಪನಿಗೆ ಸಿಟ್ಟು ಬಂತು. ಓದು ಅರ್ಧಕ್ಕೆ ನಿಂತು, ಓಮ್ 1806ರಲ್ಲಿ ಸ್ವಿಟ್ಜರ್‌ಲೆಂಡ್‌ನ ಶಾಲೆಯೊಂದಕ್ಕೆ ಗಣಿತ ಹೇಳಿಕೊಡಲು ಹೋದರು. ಆಮೇಲೆ ಮರಳಿ ಬಂದು 1811ರಲ್ಲಿ ಡಾಕ್ಟರೇಟ್ ಪಡೆದರೂ ಸಿಕ್ಕಿದ್ದು ಕಡಿಮೆ ಸಂಬಳದ ಮೇಷ್ಟ್ರ ಕೆಲಸಗಳೇ.

1817ರಲ್ಲಿ ಕಲೋನ್ ನಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲೊಂದು ಒಳ್ಳೆಯ ಪ್ರಯೋಗಾಲಯವಿತ್ತು. ತಂತಿಯ ಉದ್ದ ಹೆಚ್ಚಿದಂತೆ ವಿದ್ಯುತ್ತಿನ ಬಲ ಎಷ್ಟು ಕುಗ್ಗುತ್ತದೆ ಎಂದು ಅಳೆಯಲು ಓಮ್ ಅಲ್ಲಿ ಶುರು ಮಾಡಿದರು. 1825ರಲ್ಲಿ ಲೇಖನ ಪ್ರಕಟಿಸಿ ಒಂದು ಸೂತ್ರವನ್ನೂ ಕೊಟ್ಟರು.

ಆ ಸೂತ್ರ ತಪ್ಪಾಗಿತ್ತು!

ಓಮ್ ಬಳಸಿದ್ದು ವೋಲ್ಟಾ ಮಾದರಿಯ ಬ್ಯಾಟರಿ. ಅಳೆಯುತ್ತಿರುವಾಗಲೇ ಅದರ ಶಕ್ತಿ ಏರಿಳಿಯುತ್ತಿತ್ತು. ಹಾಗಾಗಿ ತಂತಿಯಿಂದ ಆದ ನಷ್ಟ ಎಷ್ಟು, ಬ್ಯಾಟರಿಯೇ ಸೋತಿದ್ದು ಎಷ್ಟು ಎಂದು ಬೇರ್ಪಡಿಸಲು ಆಗಲಿಲ್ಲ. ಗ್ಯಾರೇಜಿನಲ್ಲಿ ನಿಂತು ತಲೆ ಕೆರೆದುಕೊಳ್ಳುವ ಯಾರಿಗಾದರೂ ಈ ಪೇಚಾಟ ಗೊತ್ತು.

ಪೋಗೆನ್‌ಡಾರ್ಫ್ ಎಂಬ ವಿಜ್ಞಾನಿ ಒಂದು ದಾರಿ ಸೂಚಿಸಿದರು: ಬ್ಯಾಟರಿ ಬಿಟ್ಟು, ಎರಡು ಲೋಹಗಳ ಬೆಸುಗೆಗಳನ್ನು ಬೇರೆ ಬೇರೆ ಬಿಸಿಯಲ್ಲಿಟ್ಟರೆ ಹುಟ್ಟುವ ವಿದ್ಯುತ್ತನ್ನು ಬಳಸಿ. ಓಮ್ ಬಿಸ್ಮತ್ ಮತ್ತು ತಾಮ್ರ ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನ ಬಿಸಿಯಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿಟ್ಟರು. ನೀರು ಕುದಿಯುವ ಬಿಸಿ ಬದಲಾಗದು, ಮಂಜು ಕರಗುವ ತಂಪೂ ಬದಲಾಗದು. ಹಾಗಾಗಿ ವಿದ್ಯುತ್ ಮೂಲವೂ ಕದಲಲಿಲ್ಲ. 2 ಇಂಚಿನಿಂದ 130 ಇಂಚಿನವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಹಾಕಿ, ತೂಗುಬಿಟ್ಟ ಕಾಂತದ ಸೂಜಿ ಎಷ್ಟು ತಿರುಗುತ್ತದೆ ಎಂದು ಬರೆದುಕೊಂಡರು. 1826ರಲ್ಲಿ ಸರಿಯಾದ ನಿಯಮ ಸಿಕ್ಕಿತು. ಇಂದಿನ ಮಾತಿನಲ್ಲಿ, ದಾರಿಯ ಯಾವುದೇ ಭಾಗದಲ್ಲಿ ಕಳೆದುಹೋಗುವ ವೋಲ್ಟ್ ಅಂದರೆ ಅಲ್ಲಿ ಹರಿಯುವ ಆಂಪಿಯರನ್ನು ಅಲ್ಲಿನ ಪ್ರತಿರೋಧದಿಂದ ಗುಣಿಸಿದಷ್ಟು.

ಇದನ್ನು ಹಳೆಯ ಸ್ಕೀ ಬೋಟ್ ಒಂದರಲ್ಲಿ ನೋಡೋಣ. ಹಗ್ಗ ಹಿಡಿದು ನೀರಿನ ಮೇಲೆ ಜಾರುವವರನ್ನು ಎಳೆಯುವ ವೇಗದ ದೋಣಿ ಇದು, ಅಮೆರಿಕದ ಸರೋವರಗಳಲ್ಲಿ ಸಾಮಾನ್ಯ. 1980ರ ದಶಕದ ದೋಣಿಗಳು ಇನ್ನೂ ಓಡುತ್ತಿವೆ. ಇವುಗಳಲ್ಲಿ ಇಂಜಿನ್ ಕಡೆಯ ವೈರುಗಳೂ ಡ್ಯಾಶ್‌ಬೋರ್ಡ್ ಕಡೆಯ ವೈರುಗಳೂ ಒಂದು ದಪ್ಪ ಪ್ಲಗ್‌ನಲ್ಲಿ ಸೇರುತ್ತವೆ. ಆಂಪಿಯರ್ ಮೀಟರ್ ಇರುವ ಕೆಲವು ಹಳೆಯ ದೋಣಿಗಳಲ್ಲಂತೂ ಚಾರ್ಜ್ ಆಗುವ ಕರೆಂಟೆಲ್ಲ ಈ ಪ್ಲಗ್ ದಾಟಿ ಡ್ಯಾಶ್‌ಬೋರ್ಡಿಗೆ ಹೋಗಿ ವಾಪಸ್ ಬರಬೇಕು. ನಲವತ್ತು ವರ್ಷದ ತೇವಕ್ಕೆ ಅದರ ಪಿನ್‌ಗಳು ಕಿಲುಬು ಹಿಡಿದಿರುತ್ತವೆ.

ಕಿಲುಬಿನ ಪ್ರತಿರೋಧ ಬರೀ 0.03 ಓಮ್ ಎಂದಿಟ್ಟುಕೊಳ್ಳಿ. 40 ಆಂಪಿಯರ್ ಹರಿದರೆ 1.2 ವೋಲ್ಟ್ ಅಲ್ಲೇ ಮಾಯ. ಆಲ್ಟರ್ನೇಟರ್ 14.2 ವೋಲ್ಟ್ ಕೊಟ್ಟರೂ ಬ್ಯಾಟರಿಗೆ ತಲುಪುವುದು 13. ರೆಗ್ಯುಲೇಟರ್ ತನ್ನ ಬಾಗಿಲಲ್ಲೇ 14.2 ನೋಡಿಕೊಂಡು ಎಲ್ಲ ಸರಿಯಿದೆ ಎಂದು ಸುಮ್ಮನಿರುತ್ತದೆ. ಕಳೆದುಹೋದದ್ದು ಬಿಸಿಯಾಗುತ್ತದೆ: 48 ವಾಟ್, ಒಂದು ಸೋಲ್ಡರಿಂಗ್ ಐರನ್ನಿನಷ್ಟು. ಪ್ಲಗ್ ಕರಗಿ ಕಪ್ಪಾಗುವುದು ಹೀಗೆ. ಇದು ತಿಳಿಯದೆ ಹೊಸ ಬ್ಯಾಟರಿ, ಆಮೇಲೆ ಹೊಸ ಆಲ್ಟರ್ನೇಟರ್ ಎಂದು ದುಡ್ಡು ಸುರಿದರೂ ತೊಂದರೆ ಅಲ್ಲೇ ಇರುತ್ತದೆ.

ಕೇಬಲ್ ಕೀಳುವ ಪರೀಕ್ಷೆಗೆ ಈ ಪ್ಲಗ್ ಕಾಣುವುದೇ ಇಲ್ಲ. ಇಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಏನೋ ಸ್ವಲ್ಪ ಕೊಡುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ, ಬ್ಯಾಟರಿಗೆ ಎಷ್ಟು ತಲುಪುತ್ತಿತ್ತು ಎಂದಲ್ಲ. ಮೇಲಾಗಿ, ಕರೆಂಟು ಕುಡಿಯುತ್ತಿದ್ದ ಬ್ಯಾಟರಿ ಹಠಾತ್ತನೆ ಇಲ್ಲವಾದಾಗ ವೋಲ್ಟೇಜ್ ಒಂದು ಕ್ಷಣ ಹಲವು ಪಟ್ಟು ಜಿಗಿದು ಆಲ್ಟರ್ನೇಟರಿನ ಡಯೋಡುಗಳನ್ನು ಸುಡಬಹುದು. ಓಡುತ್ತಿರುವಾಗ ಬ್ಯಾಟರಿ ಸ್ವಿಚ್ಚನ್ನು ಆಫ್ ಮಾಡಿದರೂ ಇದೇ ಕಥೆ. ಕೇಬಲ್ ಕೀಳುವಾಗ ಕಿಡಿಯೂ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ದೋಣಿಯಲ್ಲಾದರೆ ಗಾಳಿಗಿಂತ ಭಾರವಾದ ಪೆಟ್ರೋಲ್ ಆವಿ ತಳದಲ್ಲಿ ಕೂತಿರುತ್ತದೆ. ಇಂಜಿನ್ ಗೂಡಿನ ಗಾಳಿ ಹೊರಹಾಕಲು ದೋಣಿಗಳಲ್ಲಿ ಬ್ಲೋವರ್ ಇಡುವುದು ಇದಕ್ಕೇ.

ಇಷ್ಟು ಉಪಯೋಗದ ನಿಯಮಕ್ಕೆ ಆಗ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೆ. ಓಮ್ ಅರ್ಧ ಸಂಬಳದ ರಜೆ ಪಡೆದು ಬರ್ಲಿನ್‌ಗೆ ಹೋಗಿ 1827ರಲ್ಲಿ ಪುಸ್ತಕ ಪ್ರಕಟಿಸಿದರು. ಪ್ರೊಫೆಸರ್ ಹುದ್ದೆ ಸಿಗಬಹುದೆಂಬ ಆಸೆಯಿತ್ತು. ಆದರೆ ಪುಸ್ತಕದ ತುಂಬ ಗಣಿತ. ವಿದ್ಯುತ್ತನ್ನು ಹೀಗೆ ಲೆಕ್ಕದಲ್ಲಿ ಹಿಡಿಯುವುದು ಅಲ್ಲಿನ ಅನೇಕರಿಗೆ ರುಚಿಸಲಿಲ್ಲ, ಒಬ್ಬ ವಿಮರ್ಶಕರಂತೂ ಹಿಗ್ಗಾಮುಗ್ಗಾ ಜಾಡಿಸಿದರು. ಓಮ್ ಕಲೋನ್ ಕೆಲಸ ಬಿಟ್ಟು ಕೆಲವು ವರ್ಷ ಬರ್ಲಿನ್‌ನ ಸೈನಿಕ ಶಾಲೆಯಲ್ಲಿ ಗಣಿತ ಹೇಳಿಕೊಂಡು ದಿನ ದೂಡಿದರು. 1833ರಲ್ಲಿ ನ್ಯೂರೆಂಬರ್ಗ್‌ನ ತಾಂತ್ರಿಕ ಶಾಲೆ ಕರೆಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮ್ಯೂನಿಕ್‌ನಲ್ಲಿ ಬಯಸಿದಂಥ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1852ರಲ್ಲಿ, 63ನೇ ವಯಸ್ಸಿಗೆ. ಎರಡೇ ವರ್ಷ. 1854ರ ಜುಲೈ 6ರಂದು ತೀರಿಕೊಂಡರು.

1881ರ ಪ್ಯಾರಿಸ್ ಸಮ್ಮೇಳನದಲ್ಲಿ ಪ್ರತಿರೋಧದ ಅಂತರರಾಷ್ಟ್ರೀಯ ಅಳತೆಗೆ ಓಮ್ ಹೆಸರು ನಿಂತಿತು. ನಿಮ್ಮ ಮಲ್ಟಿಮೀಟರಿನಲ್ಲಿ ಕುದುರೆ ಲಾಳದಂತೆ ಕಾಣುವ ಗುರುತು ಅದೇ. ಆದರೆ ತಮಾಷೆ ನೋಡಿ, ಈ ತೊಂದರೆ ಹುಡುಕಲು ಆ ಗುರುತಿನತ್ತ ತಿರುಗಿಸಿದರೆ ಕೆಲಸ ಕೆಡುತ್ತದೆ. ಮೀಟರ್ ಹರಿಸುವ ಕರೆಂಟು ತೀರಾ ಕಡಿಮೆ. ಹತ್ತಾರು ಎಳೆ ತುಂಡಾಗಿ ಒಂದೇ ಎಳೆ ಉಳಿದ ವೈರನ್ನೂ ಅದು ಚೆನ್ನಾಗಿದೆ ಎಂದೇ ತೋರಿಸೀತು. ಹಾಗಾಗಿ ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ದೋಣಿಯಾದರೆ ಮೊದಲು ಬ್ಲೋವರ್ ಹಾಕಿ. ಇಂಜಿನ್ ಓಡಲಿ, ದೀಪ ಪಂಪುಗಳೂ ಓಡಲಿ. ಬೆಲ್ಟಿನಿಂದ ಕೈ, ವೈರು ದೂರವಿಟ್ಟು ಒಂದು ಮೊನೆಯನ್ನು ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ ತುದಿಗೆ ಮುಟ್ಟಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕಳ್ಳ ಆ ದಾರಿಯಲ್ಲಿದ್ದಾನೆ. ಮೈನಸ್ ಕಡೆಗೂ, ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ವರೆಗೆ, ಹಾಗೇ ನೋಡಿ. ಎರಡೂ ಕಡೆ ಏನೂ ಕಾಣದೆ, ಬ್ಯಾಟರಿಯ ಎರಡು ತುದಿಗಳ ನಡುವೆಯೂ 13.8 ದಾಟದಿದ್ದರೆ ಬೆಲ್ಟ್ ಸಡಿಲವಾಗಿದೆಯೇ ನೋಡಿ. ಆಲ್ಟರ್ನೇಟರನ್ನು ಅನುಮಾನಿಸುವುದು ಅದಾದ ಮೇಲೆ.