ತಂತಿ ಮಾಸ್ತರ ಪೆನ್ನು

ನವಲಗುಂದದ ಮನ್ಯಾಗ ಟ್ರಂಕು ಸ್ವಚ್ಛ ಮಾಡುವಾಗ ಅಜ್ಜಾರ ದಪ್ಪನೆಯ ಪಾರ್ಕರ್ ಡ್ಯುಯೋಫೋಲ್ಡ್ ಸಿಕ್ತು. ತಂಗಿಗೆ ಅದೇ ಬೇಕು. ಆದ್ರ ಅಕಿ ಕೈ ಸಣ್ಣದು. ಅರ್ಧ ಪುಟಕ್ಕ ಬೆರಳು ನೋಯ್ತಾವ ಅಂದ್ಲು. ಬ್ಯಾರೆ ಪೆನ್ನು ಹುಡುಕೋಣು ಅಂತ ಓದಾಕ ಕುಂತ್ರ ಪಾರ್ಕರ್ ಮಾಸ್ತರ ಕಥಿ ಸಿಕ್ತು.

ಹೌದು, ಅವರು ಮಾಸ್ತರು. ಜಾರ್ಜ್ ಸ್ಯಾಫರ್ಡ್ ಪಾರ್ಕರ್ 1863ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದರು. ಜೇನ್ಸ್‌ವಿಲ್ ಊರಿನ ಟೆಲಿಗ್ರಾಫ್ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸತೊಡಗಿದರು. ಸಂಬಳ ಸಾಲದೆ ವಿದ್ಯಾರ್ಥಿಗಳಿಗೆ ಜಾನ್ ಹಾಲೆಂಡ್ ಪೆನ್ನು ಮಾರಿದರು. ಅವು ಕೈಕೊಟ್ಟಾಗ ಹುಡುಗರು ಯಾರ ಹತ್ರ ಬರಬೇಕು? ಮಾರಿದವರ ಹತ್ರನ. ರಿಪೇರಿ ಮಾಡಿ ಮಾಡಿ, ಇದಕ್ಕಿಂತ ಚಲೋದು ನಾನೇ ಮಾಡ್ತೀನಿ ಅಂತ 1888ರಲ್ಲಿ ಕಂಪನಿ ಶುರು ಮಾಡಿದರು.

ನಮಗೆ ಮಜಾ ಬರೋದು 1894ರ ಪೇಟೆಂಟಿನಲ್ಲಿ. ಪೆನ್ನು ಕಿಸೆಯಲ್ಲಿ ನಿಂತಾಗ ನಿಬ್ಬಿನ ಕೆಳಗಿನ ಫೀಡ್‌ನಲ್ಲಿ ಶಾಯಿ ಉಳೀತದೆ. ಮೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಅದನ್ನು ಕ್ಯಾಪಿನೊಳಗೆ ನೂಕ್ತದೆ. ತೆರೆದರೆ ಬೆರಳೆಲ್ಲ ಮಸಿ. ಪಾರ್ಕರ್ ಫೀಡ್‌ನ ಬಾಲವನ್ನು ಬಗ್ಗಿಸಿ ಬ್ಯಾರಲ್ಲಿನ ಗೋಡೆಗೆ ತಾಗಿಸಿದರು. ಶಾಯಿ ಕ್ಯಾಪಿಲರಿ ಬಲದಿಂದ ತಾನೇ ವಾಪಸ್ ಇಳೀತು. ಮೋಟರ್ ಇಲ್ಲ, ವಾಲ್ವ್ ಇಲ್ಲ, ಒಂದು ಬಾಗು ಅಷ್ಟೇ. ‘ಲಕ್ಕಿ ಕರ್ವ್’ ಅಂತ ಹೆಸರಿಟ್ಟರು. ನನ್ನ ಪ್ರಕಾರ ಅದರಲ್ಲಿ ಲಕ್ ಏನೂ ಇಲ್ಲ.

1921ರಲ್ಲಿ ಕೆಂಪು ಡ್ಯುಯೋಫೋಲ್ಡ್ ಬಂತು. ಬೆಲೆ 7 ಡಾಲರ್, ಉದ್ದ ಸುಮಾರು 14 ಸೆಂ.ಮೀ. ಎಲ್ಲರ ಕೈಗೂ ಅದು ಹೊಂದಲಿಲ್ಲವೇನೋ, ಮುಂದೆ ಗಿಡ್ಡನೆಯ ಜೂನಿಯರ್, ಇನ್ನೂ ಸಣ್ಣ ಲೇಡಿ ಬಂದವು. ಲೇಡಿಯ ತುದಿಗೆ ರಿಬ್ಬನ್ನಿಗೆ ಕಟ್ಟಾಕ ಬಳೆ ಇರ್ತಿತ್ತು. (ಸಣ್ಣ ಕೈ ಹೆಂಗಸರಿಗಷ್ಟೇ ಇರ್ತದ ಅಂದ್ಕೊಂಡಿದ್ರೋ ಏನೋ. ನಮ್ಮ ರೂಮ್‌ಮೇಟ್ ಕೈ ನೋಡಿಲ್ಲ ಅವರು.) ಪಾರ್ಕರ್ 1937ರಲ್ಲಿ ತೀರಿಕೊಂಡರು. ಆಮೇಲೆ ಬಂದ ಪ್ರಸಿದ್ಧ 51ಕ್ಕೂ ಡೆಮಿ ಅನ್ನೋ ಸಣ್ಣ ತಮ್ಮ ಹುಟ್ಟಿದ.

ಹಳೇ ಪೆನ್ನು ಕೊಳ್ಳೋರು ಉದ್ದಕ್ಕಿಂತ ಮೊದಲು ಬೆರಳು ಕೂಡೋ ಜಾಗದ ದಪ್ಪ ನೋಡ್ರಿ. ಡ್ಯುಯೋಫೋಲ್ಡ್ ಆದ್ರ ಒಳಗಿನ ರಬ್ಬರ್ ಚೀಲ ಗಟ್ಟಿಯಾಗಿದೆಯೋ ಅಂತ ಕೇಳ್ರಿ, ಆಗಿದ್ರ ಬದಲಿಸಬೇಕು. ಬರೆಯೋವಾಗ ಕ್ಯಾಪು ಹಿಂದೆ ಸಿಗಿಸಿದರೆ ಭಾರ ಹಿಂದಕ್ಕೆ ಸರಿದು, ಸಣ್ಣ ಕೈ ಅದನ್ನು ಹಿಡಿದಿಡಾಕ ಒದ್ದಾಡ್ತದೆ.

ತಂಗಿ ಕ್ಯಾಪು ತೆಗೆದು ಪಕ್ಕಕ್ಕಿಟ್ಟು ಬರೆದಳು. ಎರಡು ಪುಟ ಆತು. ಮೂರನೇದಕ್ಕೆ ಮತ್ತ ನೋವು. ಅಜ್ಜಾರ ಪೆನ್ನು ಸಹಿಗೆ ಇಟ್ಟುಕೊಂಡಾಳ. ಪರೀಕ್ಷೆಗೆ ಒಂದು ಜೂನಿಯರ್ ಹುಡುಕಾಕ ಹತ್ತೇವಿ.