ಡಾ. ಯಲ್ಲಾಪ್ರಗಡ ಸುಬ್ಬರಾವ್

ರೋಗಿಗೆ ಔಷಧದ ಹೆಸರು ತಿಳಿದಿರುತ್ತದೆ. ಅದನ್ನು ಬರೆದುಕೊಟ್ಟ ವೈದ್ಯರ ಹೆಸರೂ ತಿಳಿದಿರುತ್ತದೆ. ಆದರೆ ಆ ಔಷಧಕ್ಕಾಗಿ ಪ್ರಯೋಗಶಾಲೆಯಲ್ಲಿ ಹಗಲಿರುಳು ದುಡಿದವರು ಯಾರೆಂಬುದನ್ನು ತಿಳಿದವರು ಬಹಳ ವಿರಳ. ದೇವಾಲಯದ ಶಿಖರವನ್ನು ಕಂಡು ಕೈಮುಗಿಯುವ ಜನರು ಅಡಿಪಾಯದ ಕಲ್ಲುಗಳನ್ನು ಕಾಣಲಾರರಷ್ಟೆ. ವೈದ್ಯಶಾಸ್ತ್ರದ ಅಡಿಪಾಯಕ್ಕೆ ಅಂತಹ ಹಲವು ಕಲ್ಲುಗಳನ್ನು ಹೊತ್ತು ತಂದು, ಸದ್ದಿಲ್ಲದೆ ಮರೆಯಾದ ಭಾರತೀಯ ವಿಜ್ಞಾನಿ ಡಾ. ಯಲ್ಲಾಪ್ರಗಡ ಸುಬ್ಬರಾವ್. ರಕ್ತಹೀನತೆ, ಆನೆಕಾಲು ರೋಗ, ಮಕ್ಕಳನ್ನು ಕಾಡುವ ರಕ್ತದ ಕ್ಯಾನ್ಸರ್ - ಈ ಮೂರರ ಚಿಕಿತ್ಸೆಯ ಇತಿಹಾಸದಲ್ಲಿಯೂ ಅವರ ಹೆಸರು ಬೆರೆತಿದೆ.

ಸುಬ್ಬರಾವ್ ಅವರು 1895ನೆಯ ಇಸವಿ ಜನವರಿ 12ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರಂ ಎಂಬ ಊರಿನಲ್ಲಿ ಜನಿಸಿದರು. ಆ ಊರು ಇಂದು ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿದೆ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಂದಿ ಮಕ್ಕಳ ದೊಡ್ಡ ಸಂಸಾರದಲ್ಲಿ ಬಡತನ ಬೇರೂರಿತ್ತು. ಬಾಲಕ ಸುಬ್ಬರಾಯನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹದಿಹರೆಯಕ್ಕೆ ಕಾಲಿಡುವ ವಯಸ್ಸಿನಲ್ಲಿ ಅವನು, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಯ ಹಣ್ಣು ಮಾರಿ ಹಣ ಗಳಿಸುವೆನೆಂದು ಮನೆಬಿಟ್ಟು ಹೊರಟನು. ತಾಯಿ ಅವನನ್ನು ದಾರಿಯಿಂದಲೇ ಹಿಂದಕ್ಕೆ ಕರೆತರಿಸಿ ಮತ್ತೆ ಶಾಲೆಗೆ ಕಳುಹಿಸಿದಳು. ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರವೆಲ್ಲ ಆ ತಾಯಿಯ ಮೇಲೆಯೇ ಬಿತ್ತು. ಮಗ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದಾಗಲೂ ಆಕೆ ಧೃತಿಗೆಡಲಿಲ್ಲ. ಮೂರನೆಯ ಬಾರಿ, ಮದರಾಸಿನ ಹಿಂದೂ ಹೈಸ್ಕೂಲಿನಲ್ಲಿ ಓದಿ, ಅವನು ತೇರ್ಗಡೆ ಹೊಂದಿದನು. ಮುಂದೆ ಜಗತ್ತಿನ ವಿಜ್ಞಾನ ಗ್ರಂಥಗಳಲ್ಲಿ ಹೆಸರು ಪಡೆಯಲಿದ್ದವನ ವಿದ್ಯಾಭ್ಯಾಸದ ಆರಂಭ ಹೀಗಿತ್ತು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ಯುವಕನ ಒಲವು ವೈರಾಗ್ಯದ ಕಡೆಗೆ ತಿರುಗಿತು. ರಾಮಕೃಷ್ಣ ಆಶ್ರಮವನ್ನು ಸೇರಿ ಸಂನ್ಯಾಸಿಯಾಗಬೇಕೆಂಬುದು ಅವರ ಬಯಕೆ. ತಾಯಿ ಒಪ್ಪಲಿಲ್ಲ, ತಾಯಿಯ ಒಪ್ಪಿಗೆಯಿಲ್ಲದೆ ಆಶ್ರಮದವರೂ ಸೇರಿಸಿಕೊಳ್ಳಲಿಲ್ಲ. ವೈದ್ಯವಿದ್ಯೆಯನ್ನು ಕಲಿತು ದೀನರ ಸೇವೆ ಮಾಡುವುದೂ ಒಂದು ಸಾಧನೆಯೇ ಎಂಬ ಹಿತವಚನದಂತೆ ಅವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಅದು ಗಾಂಧೀಜಿಯವರ ಕರೆಗೆ ದೇಶವೇ ಓಗೊಡುತ್ತಿದ್ದ ಕಾಲ. ಸುಬ್ಬರಾವ್ ಅವರು ಶಸ್ತ್ರಚಿಕಿತ್ಸೆಯ ತರಗತಿಗೆ ಖಾದಿಯ ನಿಲುವಂಗಿಯನ್ನು ಧರಿಸಿ ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಅದು ಸಹನೆಯಾಗಲಿಲ್ಲ. ಬರಹದ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಅವರಿಗೆ ಎಂ.ಬಿ.ಬಿ.ಎಸ್. ಪದವಿಯ ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಸರ್ಕಾರಿ ವೈದ್ಯರಾಗುವ ಬಾಗಿಲು ಮುಚ್ಚಿತು. ಮದರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿ ಅವರು ಕೆಲಸಕ್ಕೆ ಸೇರಿದರು.

1919ರಲ್ಲಿ ಶೇಷಗಿರಿ ಎಂಬವರೊಡನೆ ಅವರ ವಿವಾಹವಾಗಿತ್ತು. ಅದಾದ ಕೆಲವೇ ಕಾಲದಲ್ಲಿ ಮನೆಯ ಮೇಲೆ ಸಿಡಿಲು ಬಡಿದಂತಹ ದುರಂತವೊದಗಿತು. ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ಬೇನೆಗೆ ತುತ್ತಾಗಿ ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಮರಣ ಹೊಂದಿದರು. ಉಂಡ ಅನ್ನ ಮೈಗೆ ಹತ್ತದೆ, ರಕ್ತ ಬತ್ತಿ, ರೋಗಿಯು ದಿನದಿಂದ ದಿನಕ್ಕೆ ಸೊರಗಿ ಸಾಯುವ ರೋಗವದು. ಅಂದಿನ ವೈದ್ಯರ ಬಳಿ ಅದಕ್ಕೆ ಮದ್ದಿರಲಿಲ್ಲ. ವೈದ್ಯನಾಗಿಯೂ ಒಡಹುಟ್ಟಿದವರನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬ ನೋವು ಸುಬ್ಬರಾವ್ ಅವರ ಎದೆಯಲ್ಲಿ ಆಳವಾಗಿ ನೆಟ್ಟಿತು. ಉಷ್ಣವಲಯದ ರೋಗಗಳ ಮರ್ಮವನ್ನು ಅರಿಯಲೇಬೇಕೆಂಬ ಛಲದಿಂದ ಅವರು ಅಮೆರಿಕಕ್ಕೆ ಹೊರಟರು. ಮಾವನವರ ನೆರವಿನಿಂದ ಪ್ರಯಾಣ ಸಾಧ್ಯವಾಯಿತು. ತುಂಬು ಹರೆಯದ ಪತ್ನಿಗೆ, ಕೆಲವು ವರ್ಷಗಳಲ್ಲಿ ಮರಳಿ ಬರುವೆನೆಂದು ಭರವಸೆಯಿತ್ತು ಅವರು ಹಡಗನ್ನೇರಿದರು.

ಬಾಸ್ಟನ್ ನಗರದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ವೈದ್ಯಶಾಸ್ತ್ರವನ್ನು ಅವರು ಅಭ್ಯಾಸ ಮಾಡಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಆಳಾಗಿ ದುಡಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸಕ್ಕೂ ಅವರು ಹೇಸಲಿಲ್ಲ. ಅನಂತರ ಅದೇ ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯ ಜೊತೆಯಲ್ಲಿ ಸಂಶೋಧನೆಗೆ ತೊಡಗಿದರು. ರಕ್ತ ಮತ್ತು ಮೂತ್ರಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ರಂಜಕವನ್ನು ಅಳೆಯುವ ಸುಲಭ ವಿಧಾನವೊಂದನ್ನು ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ಪರೀಕ್ಷಿಸಬೇಕಾದ ದ್ರವಕ್ಕೆ ಕೆಲವು ರಾಸಾಯನಿಕಗಳನ್ನು ಬೆರೆಸಿದರೆ ಅದು ನೀಲಿ ಬಣ್ಣಕ್ಕೆ ತಿರುಗುತ್ತದೆ. ರಂಜಕ ಹೆಚ್ಚಿದಷ್ಟೂ ನೀಲಿ ಗಾಢವಾಗುತ್ತದೆ. ಫಿಸ್ಕ್-ಸುಬ್ಬರಾವ್ ವಿಧಾನವೆಂಬ ಹೆಸರಿನಲ್ಲಿ ಇದು ಮುಂದಿನ ಹಲವು ದಶಕಗಳ ಕಾಲ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿತ್ತು.

ಈ ಅಳತೆಗೋಲಿನಿಂದಲೇ ಇನ್ನೂ ದೊಡ್ಡ ಸತ್ಯಗಳು ಗೋಚರವಾದವು. ಸ್ನಾಯುಗಳಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವಿದೆಯೆಂದು 1927ರಲ್ಲಿ ಅವರು ತೋರಿಸಿದರು. 1929ರಲ್ಲಿ ಎ.ಟಿ.ಪಿ. ಎಂದು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದುವ ಅಡಿನೋಸಿನ್ ಟ್ರೈಫಾಸ್ಫೇಟನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬುವರೂ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. ನಾವು ಕೈಯೆತ್ತುವುದಕ್ಕೂ, ಹೆಜ್ಜೆಯಿಡುವುದಕ್ಕೂ, ನಮ್ಮ ಹೃದಯ ಮಿಡಿಯುವುದಕ್ಕೂ ಬೇಕಾದ ಶಕ್ತಿಯನ್ನು ಜೀವಕೋಶಗಳಿಗೆ ಕೈಗೆಟಕುವಂತೆ ಒದಗಿಸುವ ವಸ್ತು ಅದು. ಮಾರನೆಯ ವರ್ಷ ಅವರಿಗೆ ಡಾಕ್ಟರೇಟ್ ಪದವಿ ಲಭಿಸಿತು. ಆದರೆ ಇಷ್ಟು ಸಾಧಿಸಿದರೂ ಹಾರ್ವರ್ಡಿನಲ್ಲಿ ಖಾಯಂ ಸ್ಥಾನ ಅವರಿಗೆ ದೊರೆಯಲಿಲ್ಲ. ತಮ್ಮ ಸಾಧನೆಯನ್ನು ತಾವೇ ಸಾರಿಕೊಳ್ಳುವ ಸ್ವಭಾವವೂ ಅವರದಾಗಿರಲಿಲ್ಲ. 1940ರಲ್ಲಿ ಅವರು ಹಾರ್ವರ್ಡನ್ನು ಬಿಟ್ಟು, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಮುಂದೆ ಅಲ್ಲಿಯ ಸಂಶೋಧನೆಯ ನಿರ್ದೇಶಕರಾದರು.

ಅಲ್ಲಿ ಅವರ ಮುಂದಿದ್ದ ಒಂದು ದೊಡ್ಡ ಸಮಸ್ಯೆ ರಕ್ತಕ್ಕೆ ಸಂಬಂಧಿಸಿದುದು. ನಮ್ಮ ಮೂಳೆಗಳ ಒಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ನಿರಂತರವಾಗಿ ಹುಟ್ಟುತ್ತಿರುತ್ತವೆ. ಕಣವೊಂದು ಎರಡಾಗಿ ಒಡೆಯಬೇಕಾದರೆ ಕೆಲವು ಜೀವಸತ್ವಗಳು ಬೇಕು. ಅವು ದೊರೆಯದಿದ್ದರೆ ಕಣಗಳು ಸರಿಯಾಗಿ ಬಲಿಯದೆ ರಕ್ತಹೀನತೆ ತಲೆದೋರುತ್ತದೆ. ಇದರ ಮೊದಲ ಸುಳಿವು ದೊರೆತದ್ದು ನಮ್ಮ ದೇಶದಲ್ಲಿಯೇ. ಬೊಂಬಾಯಿಯ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ರಕ್ತಹೀನತೆಯು ಯೀಸ್ಟಿನ ಸಾರದಿಂದ ವಾಸಿಯಾಗುವುದೆಂದು ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1931ರಲ್ಲಿ ಪ್ರಕಟಿಸಿದ್ದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತು ಯಾವುದು? ಸೊಪ್ಪಿನಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಫೋಲಿಕ್ ಆಮ್ಲವೇ ಅದೆಂದು ಕ್ರಮೇಣ ತಿಳಿದುಬಂದಿತು. ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲೆಯ ವಿಜ್ಞಾನಿಗಳು ಅದರ ರಚನೆಯನ್ನು ಭೇದಿಸಿ, ಪ್ರಯೋಗಶಾಲೆಯಲ್ಲಿಯೇ ಅದನ್ನು ತಯಾರಿಸುವ ವಿಧಾನವನ್ನು 1945ರಲ್ಲಿ ಪ್ರಕಟಿಸಿದರು. ಈ ಹಳದಿ ಪುಡಿ ಹಲವು ಬಗೆಯ ರಕ್ತಹೀನತೆಗೆ ಮದ್ದಾಯಿತು. ಅಷ್ಟೇ ಅಲ್ಲ, ಸ್ಪ್ರೂ ರೋಗಿಗಳೂ ಇದರಿಂದ ಚೇತರಿಸಿಕೊಂಡರು. ಸುಮಾರು ಕಾಲು ಶತಮಾನದ ಹಿಂದೆ ತನ್ನ ಒಡಹುಟ್ಟಿದವರನ್ನು ಕೊಂಡೊಯ್ದಿದ್ದ ರೋಗಕ್ಕೆ ಸುಬ್ಬರಾವ್ ಅವರು ಕೊನೆಗೂ ಉತ್ತರ ನೀಡಿದ್ದರು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳು ಅವರ ಕಣ್ಣೆದುರಿಗೇ ಸಾಯುತ್ತಿದ್ದರು. ಈ ರೋಗದಲ್ಲಿ ಬಲಿಯದ ಬಿಳಿಯ ಕಣಗಳು ಅಂಕೆಯಿಲ್ಲದೆ ಹೆಚ್ಚಿ, ಹೊಲದಲ್ಲಿ ಕಳೆ ಬೆಳೆದು ಪೈರನ್ನು ನುಂಗುವಂತೆ, ಮಜ್ಜೆಯನ್ನು ಆಕ್ರಮಿಸುತ್ತವೆ. ರೋಗವು ಪತ್ತೆಯಾದ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಮಗು ಕೊನೆಯುಸಿರೆಳೆಯುತ್ತಿತ್ತು. ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳನ್ನು ಕೊಟ್ಟು ನೋಡಿದಾಗ ರೋಗವು ಇಳಿಯುವ ಬದಲು ವೇಗವಾಗಿ ಬೆಳೆದಂತೆ ಫಾರ್ಬರ್ ಅವರಿಗೆ ತೋರಿತು. ಸೋಲಿನಂತೆ ಕಂಡ ಇದೇ ಅನುಭವ ಹೊಸ ದಾರಿಯನ್ನು ತೋರಿಸಿತು. ಫೋಲಿಕ್ ಆಮ್ಲವು ಕೆಟ್ಟ ಕಣಗಳಿಗೆ ಆಹಾರವಾಗುವುದಾದರೆ, ಆ ಆಹಾರವನ್ನು ತಡೆಯುವ ವಸ್ತುವು ಅವುಗಳನ್ನು ಉಪವಾಸ ಕೆಡವಬೇಕಲ್ಲವೆ?

ಅಂತಹ ವಸ್ತುಗಳು ಸುಬ್ಬರಾವ್ ಅವರ ಪ್ರಯೋಗಶಾಲೆಯಲ್ಲಿ ಸಿದ್ಧವಾಗುತ್ತಿದ್ದವು. ಫೋಲಿಕ್ ಆಮ್ಲದ ರಚನೆಯಲ್ಲಿ ಅಲ್ಪ ಬದಲಾವಣೆಗಳನ್ನು ಮಾಡಿ ಅವರ ಸಂಗಡಿಗರು ಹಲವು ಪ್ರತಿರೋಧಿಗಳನ್ನು ತಯಾರಿಸಿದ್ದರು. ಬೀಗಕ್ಕೆ ಹೊಂದುವ ಹುಸಿ ಕೀಲಿಕೈಯಂತೆ ಇವು ಜೀವಕೋಶದೊಳಗೆ ಫೋಲಿಕ್ ಆಮ್ಲದ ಸ್ಥಾನದಲ್ಲಿ ಸೇರಿಕೊಳ್ಳುತ್ತವೆ. ಆದರೆ ಬೀಗವನ್ನು ತೆರೆಯುವುದಿಲ್ಲ, ನಿಜವಾದ ಕೀಲಿಕೈಗೂ ಎಡೆಗೊಡುವುದಿಲ್ಲ. ಅವುಗಳಲ್ಲಿ ಅಮಿನೊಪ್ಟೆರಿನ್ ಎಂಬುದನ್ನು ಫಾರ್ಬರ್ ಅವರು 1947ರ ಕೊನೆಯಲ್ಲಿ ರೋಗಗ್ರಸ್ತ ಮಕ್ಕಳಿಗೆ ಕೊಡಲಾರಂಭಿಸಿದರು. 1948ರ ಜೂನ್ ತಿಂಗಳಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಕೆಯ ಲಕ್ಷಣಗಳನ್ನು ತೋರಿದ್ದರು. ಆ ಚೇತರಿಕೆ ಶಾಶ್ವತವಾಗಿರಲಿಲ್ಲ. ಕೆಲವು ತಿಂಗಳುಗಳಲ್ಲಿ ರೋಗವು ಮರುಕಳಿಸಿತು. ಔಷಧದ ವಿಷಗುಣವೂ ಮಕ್ಕಳನ್ನು ಬಾಧಿಸಿತು. ಆದರೂ ಔಷಧದಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂಬುದು ಅಂದು ಸಿದ್ಧವಾಯಿತು. ಕತ್ತಲೆಯ ಕೋಣೆಯಲ್ಲಿ ಮೊದಲ ಹಣತೆ ಬೆಳಗಿತು.

ಅಮಿನೊಪ್ಟೆರಿನ್ನಿನ ಜಾಗಕ್ಕೆ, ಅದೇ ಪ್ರಯೋಗಶಾಲೆಯಲ್ಲಿ ತಯಾರಾದ ಮೆಥೊಟ್ರೆಕ್ಸೇಟ್ ಬಂದಿತು. ಮುಂದಿನ ದಶಕಗಳಲ್ಲಿ ವೈದ್ಯರು ಅದನ್ನು ಬೇರೆ ಔಷಧಗಳೊಡನೆ ಸೇರಿಸಿ ಕೊಡುವ ಕ್ರಮವನ್ನು ರೂಪಿಸಿದರು. ಇದರ ಫಲವಾಗಿ, ಉತ್ತಮ ಚಿಕಿತ್ಸೆಯ ಸೌಕರ್ಯವುಳ್ಳ ದೇಶಗಳಲ್ಲಿ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಕ್ಕೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಇಂದು ಬದುಕುಳಿಯುತ್ತಾರೆ. ಕೀಲುವಾತದ ರೋಗಿಗಳಿಗೂ ಮೆಥೊಟ್ರೆಕ್ಸೇಟ್ ನೆರವಾಗುತ್ತಿದೆ. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಡೈಈಥೈಲ್‌ಕಾರ್ಬಮಜಿನ್ ಎಂಬ ಔಷಧವೂ 1947ರಲ್ಲಿ ಇದೇ ತಂಡದಿಂದ ಹೊರಬಂದಿತು. ಟೆಟ್ರಸೈಕ್ಲಿನ್ ವರ್ಗದ ಮೊದಲ ಔಷಧವಾದ ಆರಿಯೊಮೈಸಿನ್ನನ್ನು, ಸುಬ್ಬರಾವ್ ಅವರ ನಿರ್ದೇಶನದಲ್ಲಿದ್ದ ಸಂಶೋಧನಾಲಯದಲ್ಲಿಯೇ, ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದರು.

ಆದರೆ ಈ ಫಲಗಳನ್ನು ಕಣ್ತುಂಬ ನೋಡುವ ಭಾಗ್ಯ ಸುಬ್ಬರಾವ್ ಅವರಿಗಿರಲಿಲ್ಲ. ಫಾರ್ಬರ್ ಅವರ ಲೇಖನ ಪ್ರಕಟವಾಗಿ ಎರಡು ತಿಂಗಳು ಕಳೆದಿತ್ತಷ್ಟೆ. 1948ರ ಆಗಸ್ಟ್ ತಿಂಗಳಿನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ರಾತ್ರಿ ಮಲಗಿದ್ದಾಗಲೇ ಅವರು ಇಹಲೋಕವನ್ನು ತ್ಯಜಿಸಿದರು. ಅವರು ಅಮೆರಿಕದ ಪೌರತ್ವವನ್ನು ಪಡೆದಿರಲಿಲ್ಲ, ಭಾರತಕ್ಕೂ ಮರಳಿರಲಿಲ್ಲ. ಕೆಲವು ವರ್ಷಗಳಲ್ಲಿ ಬರುವೆನೆಂದು ಹೋದ ಪತಿಯನ್ನು ಶೇಷಗಿರಿಯವರು ಮತ್ತೆ ನೋಡಲೇ ಇಲ್ಲ. ಕೆಲಸ ಮುಗಿದ ಮೇಲೆ ಮನೆಗೆ ಎಂದುಕೊಂಡವರಿಗೆ, ಒಂದು ಕೆಲಸ ಮುಗಿಯುವ ಮುನ್ನವೇ ಇನ್ನೊಂದು ಎದುರಾಗುತ್ತಿತ್ತು. ಆ ತ್ಯಾಗದ ಭಾರವನ್ನು ಹೊತ್ತವರು ಅವರೊಬ್ಬರೇ ಅಲ್ಲ. ಊರಿನಲ್ಲಿ ಕಾದು ಕುಳಿತ ಆ ಹೆಣ್ಣುಮಗಳ ಮೌನದ ಪಾಲೂ ಅದರಲ್ಲಿ ಸಮವಾಗಿದೆಯೆಂಬುದನ್ನು ನಾವು ಮರೆಯಬಾರದು.

ಬದುಕಿದ್ದಾಗ ದೊಡ್ಡ ಬಹುಮಾನಗಳು ಸುಬ್ಬರಾವ್ ಅವರನ್ನು ಅರಸಿ ಬರಲಿಲ್ಲ. ಒಂದು ಜಾತಿಯ ಶಿಲೀಂಧ್ರಕ್ಕೆ ವಿಜ್ಞಾನಿಗಳು ಸುಬ್ಬರೊಮೈಸಿಸ್ ಎಂದು ಹೆಸರಿಟ್ಟರು. 1995ರಲ್ಲಿ, ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತ ಸರ್ಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಆದರೆ ಅವರ ನಿಜವಾದ ಸ್ಮಾರಕಗಳು ಬೇರೆ. ಗರ್ಭಿಣಿಯ ಕೈಗೆ ದಾದಿಯು ನೀಡುವ ಫೋಲಿಕ್ ಆಮ್ಲದ ಗುಳಿಗೆಯಲ್ಲಿ ಅವರಿದ್ದಾರೆ. ಆನೆಕಾಲು ರೋಗದ ನಿವಾರಣೆಗಾಗಿ ಮನೆಮನೆಗೆ ಹಂಚುವ ಮಾತ್ರೆಯಲ್ಲಿ ಅವರಿದ್ದಾರೆ. ರಕ್ತದ ಕ್ಯಾನ್ಸರಿನಿಂದ ಗುಣಹೊಂದಿ, ಪುಸ್ತಕದ ಚೀಲವನ್ನು ಹೆಗಲಿಗೇರಿಸಿ ಮತ್ತೆ ಶಾಲೆಗೆ ನಡೆಯುವ ಮಗುವಿನ ಹೆಜ್ಜೆಯಲ್ಲಿಯೂ ಅವರಿದ್ದಾರೆ. ಎರಡು ಬಾರಿ ಪರೀಕ್ಷೆಯಲ್ಲಿ ಸೋತ ಬಾಲಕನೊಬ್ಬನನ್ನು ತಾಯಿಯೊಬ್ಬಳು ಕೈಬಿಡದೆ ಮೂರನೆಯ ಬಾರಿಗೆ ಕಳುಹಿಸಿದುದರ ಫಲ ಇಷ್ಟು ದೂರ ಹಬ್ಬಿತು.