ಚಾಂಪಿಯನ್ ಆಗಿದ್ದ ವೀಕ್ಷಕ ವಿವರಣೆಗಾರ: ಜೇಮ್ಸ್ ಹಂಟ್

ವಿದ್ಯಾರ್ಥಿ ಮಿತ್ರರೇ, ಕಾರ್ ರೇಸಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ವೇಗ ಮಾತ್ರ. ಅದರ ಒಳಗುಟ್ಟನ್ನು ತಿಳಿಸುವವರು ವೀಕ್ಷಕ ವಿವರಣೆಗಾರರು. ಅಂಥವರಲ್ಲಿ ಜೇಮ್ಸ್ ಹಂಟ್ ಒಬ್ಬರು.

1947ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಹಂಟ್ ವೈದ್ಯರಾಗಬೇಕೆಂದಿದ್ದರು, ರೇಸಿಗೆ ಮನಸೋತರು. 1976ರಲ್ಲಿ ಅವರ ಎದುರಾಳಿ ನಿಕಿ ಲೌಡಾ ಜರ್ಮನಿಯಲ್ಲಿ ಅಪಘಾತಕ್ಕೀಡಾಗಿ ಸುಟ್ಟಗಾಯಗಳಿಂದ ನರಳಿ, ಆರೇ ವಾರಗಳಲ್ಲಿ ಮರಳಿ ಸ್ಪರ್ಧಿಸಿದರು. ಜಪಾನಿನ ಕೊನೆಯ ರೇಸಿನಲ್ಲಿ ಮೂರನೆಯವರಾದ ಹಂಟ್, 69-68 ಅಂಕಗಳಿಂದ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು.

1979ರಲ್ಲಿ ರೇಸ್ ಬಿಟ್ಟು, ಮರುವರ್ಷ ಬಿಬಿಸಿ ಸೇರಿದರು. ಅವರಿಗೂ ಜೊತೆಗಾರ ಮರ್ರಿ ವಾಕರ್ ಅವರಿಗೂ ಒಂದೇ ಮೈಕ್. ವಾಕರ್ ಆವೇಶದಿಂದ ಬಣ್ಣಿಸಿದರೆ, ಹಂಟ್ ತಣ್ಣಗೆ ಕಾರಣ ಬಿಡಿಸಿ ಹೇಳುತ್ತಿದ್ದರು. ಚಾಲಕರ ತಪ್ಪನ್ನು ಮುಲಾಜಿಲ್ಲದೆ ತಪ್ಪೆನ್ನುತ್ತಿದ್ದರು.

ಕೀರ್ತಿಯ ದಿನಗಳಲ್ಲಿ ಕುಡಿತ, ಸಿಗರೇಟಿಗೆ ದಾಸರಾಗಿದ್ದರು, ಹಣವನ್ನೂ ಕಳೆದುಕೊಂಡರು. ಕೊನೆಯ ವರ್ಷಗಳಲ್ಲಿ ಆ ಚಟಗಳನ್ನು ತೊರೆದು ಸೈಕಲ್ ತುಳಿಯತೊಡಗಿದರು. ಆದರೆ ಕೆನಡಾ ರೇಸಿನ ವಿವರಣೆ ನೀಡಿದ ಎರಡೇ ದಿನಗಳಲ್ಲಿ, 1993ರ ಜೂನ್ 15ರಂದು, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 45 ವರ್ಷ.

ಗೆಳೆಯರೇ, ಪದವಿ ಒಂದೇ ವರ್ಷದ್ದು. ಅರಿತು ಆಡಿದ ನೇರ ಮಾತು 13 ವರ್ಷ ಅವರ ಕೈಹಿಡಿಯಿತು. ನೀವೂ ಕಲಿತದ್ದನ್ನು ಅಂಜದೆ ಹೇಳಿ. ಚಟ ಬಿಡುವ ಕೆಲಸವನ್ನು ಮಾತ್ರ ನಾಳೆಗೆ ಇಡಬೇಡಿ.